ಸೋಮವಾರದ ಉಪವಾಸ, ಯಜಮಾನರ ಮೀಟಿಂಗು

ಇವತ್ತು ಸೋಮವಾರ, ನನಗೆ ಉಪವಾಸ. ಕೊಟ್ಟಿಗೆ ಬಳಿದು, ಹಾಲು ಕರೆದು, ಕಣದಲ್ಲಿ ಕಾಫಿ ಹರಡಿ, ದೇವರಿಗೆ ದೀಪ ಹಚ್ಚಿ ಈಗ ಕೂತಿದೀನಿ.

ನಾನು ನೋಟ್ ಬುಕ್ಕಲ್ಲಿ ಬರೆದಿದ್ದನ್ನು ಅಕ್ಕನ ಮಗಳು ಸುಮಾ ಮೂಡಿಗೆರೆಯ ಸೈಬರ್ ಸೆಂಟರಲ್ಲಿ ಟೈಪ್ ಮಾಡಿ ಇಂಟರ್ನೆಟ್ಟಿನ ಈ ಪುಟದಲ್ಲಿ ಹಾಕ್ತಾಳೆ. ನಾನು ಓದಿದ್ದು ಊರ ಶಾಲೆಯ ಏಳನೇ ಕ್ಲಾಸು. ತಪ್ಪಿದ್ರೆ ಅವಳೇ ತಿದ್ದಲಿ.

ಕಳಸದ ಕಡೆಯ ಒಬ್ಬ ತಂಗಿ, "ಗಂಡನ ಕುಡಿತ ಬಿಡಿಸೋಕೆ ಯಾವ ದೇವರ ಮುಂದೆ ಆಣೆ ಹಾಕಿಸಬೇಕು" ಅಂತ ಹೋದ ವಾರ ಇಲ್ಲಿ ಕೇಳಿದ್ರಂತೆ. ಅದಕ್ಕೇ ಬರೀತಿದೀನಿ. ಯಜಮಾನ್ರನ್ನು ಕೇಳಿದೆ. "ಬರಿ. ಆದ್ರೆ ನನ್ನನ್ನ ಒಳ್ಳೆಯವನು ಮಾಡಿ ಬರೀಬೇಡ" ಅಂದ್ರು.

ಹತ್ತು ವರ್ಷದ ಹಿಂದಿನ ಮಾತು. ಇವರು ಬಣಕಲ್ ಹತ್ತಿರದ ಎಸ್ಟೇಟಲ್ಲಿ ರೈಟರ್, ಆಳುಗಳ ಹಾಜರಿ ಬರೆಯೋ ಕೆಲಸ. ಕುಡಿದು ಮಲಗಿದ ದಿನ ಇವರದ್ದೇ ಹಾಜರಿ ಇರ್ತಿರ್ಲಿಲ್ಲ. "ಇನ್ನೊಂದು ಸಲ ಹೀಗಾದ್ರೆ ಮನೆ ಖಾಲಿ ಮಾಡಿ" ಅಂತ ಸಾಹುಕಾರ್ರು ಹೇಳಿಬಿಟ್ಟಿದ್ರು.

ನಾನೂ ಎಲ್ಲರೂ ಮಾಡೋದನ್ನೇ ಮಾಡಿದೆ. ಹೊರನಾಡಿಗೆ ಕರ್ಕೊಂಡು ಹೋಗಿ, ಅಮ್ಮನ ಮುಂದೆ ನಿಲ್ಲಿಸಿ, "ಜೀವ ಇರೋ ತನಕ ಮುಟ್ಟಲ್ಲ" ಅಂತ ಆಣೆ ಹಾಕಿಸಿದೆ.

ನಲವತ್ತು ದಿನ ಮುಟ್ಟಲಿಲ್ಲ. ಆಮೇಲೆ ನೆಂಟರ ಹೊಸಮನೆ ಒಕ್ಕಲಲ್ಲಿ ಒಂದು ಗ್ಲಾಸು...

ಮೊದಲು ಎಷ್ಟೇ ಕುಡಿದ್ರೂ ಬೆಳಿಗ್ಗೆ ಸ್ನಾನ ಮಾಡಿ ದೇವರಿಗೆ ಕೈ ಮುಗೀತಿದ್ರು. ಆ ಗ್ಲಾಸಿನ ಮೇಲೆ ದೇವರ ಕೋಣೆ ಕಡೆ ತಲೆ ಹಾಕೋದನ್ನೇ ಬಿಟ್ರು. "ಆಣೆ ಮುರಿದೋನು ನಾನು. ಇನ್ನು ಕುಡಿದ್ರೇನು, ಬಿಟ್ರೇನು" ಅಂತ ಮೊದಲಿಗಿಂತ ಜಾಸ್ತಿ ಆಯ್ತು.

ಎಸ್ಟೇಟಿನ ಜೀಪ್ ರಿಪೇರಿಗೆ ಒಬ್ಬರು ಮೆಕ್ಯಾನಿಕ್ ಸಾಹೇಬ್ರು ಬರ್ತಿದ್ರು. ನಾನು ಕಣ್ಣು ಒರೆಸಿಕೊಳ್ಳೋದು ನೋಡಿ, "ಅಕ್ಕಾ, ಮೂಡಿಗೆರೆಯಲ್ಲಿ ಸೋಮವಾರ ಸೋಮವಾರ ಕುಡಿತ ಬಿಟ್ಟವರ ಮೀಟಿಂಗ್ ಇದೆ. ನಾನೂ ಹೋಗ್ತೀನಿ" ಅಂದ್ರು.

ನೀವಾ ಅನ್ನೋ ಹಾಗೆ ನೋಡಿದೆ. ಅವರು ನಕ್ಕುಬಿಟ್ರು. "ಹರಾಮ್ ಅಂತ ಗೊತ್ತಿದ್ದೇ ಕುಡೀತಿದ್ದೆ ಅಕ್ಕಾ. ಗೊತ್ತಿದ್ರೆ ಸಾಕು ಅನ್ನೋ ಹಾಗಿದ್ರೆ ಲೋಕದಲ್ಲಿ ಯಾರೂ ಕುಡೀತಿರ್ಲಿಲ್ಲ."

ಯಜಮಾನ್ರು ಜಪ್ಪಯ್ಯ ಅಂದ್ರೂ ಬರಲಿಲ್ಲ. ನಾನೊಬ್ಬಳೇ ಬಸ್ ಹತ್ತಿದೆ.

ಒಂದು ಶಾಲೆಯ ಹಿಂದಿನ ರೂಮು. ಹತ್ತು ಜನ ಗಂಡಸರು ಮಕ್ಕಳ ಬೆಂಚಿನ ಮೇಲೆ ಮಂಡಿ ಮೇಲೆ ಮಾಡಿ ಕೂತಿದ್ದಾರೆ. ನಾನು ಅಭ್ಯಾಸ ಬಲ, ಪಕ್ಕದವರನ್ನು "ಯಾವ ಊರು, ಯಾರ ಮನೆಯೋರು?" ಅಂದೆ. "ಇಲ್ಲಿ ಅದು ಕೇಳೋ ಹಾಗಿಲ್ಲ ಅಕ್ಕಾ, ಹೆಸರೊಂದೇ ಸಾಕು" ಅಂದ್ರು ಸಾಹೇಬ್ರು, ಮೆಲ್ಲಗೆ.

ಅಷ್ಟರಲ್ಲಿ ಹಿರಿಯರೊಬ್ಬರು, "ಬನ್ನಿ ತಾಯಿ. ನೀವು ಬಿಟ್ಟು ಎಷ್ಟು ದಿನ ಆಯ್ತು?" ಅನ್ನೋದಾ!

ಶಿವ ಶಿವಾ... ನನಗಲ್ಲ, ನಮ್ಮನೆಯವ್ರಿಗೆ ಅಂತ ಹೇಳೋಷ್ಟರಲ್ಲಿ ಬೆವರಿಹೋದೆ.

ಟೀ ಕೊಟ್ರು. ಬೇಡ ಅಂದೆ. "ಉಪವಾಸ. ಇಪ್ಪತ್ತು ವರ್ಷದಿಂದ ಮಾಡ್ತಿದೀನಿ."

"ಇಪ್ಪತ್ತು ವರ್ಷದಿಂದ ಊಟಾನೇ ಮಾಡಿಲ್ವಾ?" ಅಂದ್ರು ಆ ಹಿರಿಯರು. ಎಲ್ಲಾ ನಕ್ರು.

"ಸೋಮವಾರ ಒಂದಿನ ಮಾತ್ರ."

"ಜೀವ ಇರೋ ತನಕ ಉಣ್ಣಬೇಡಿ ಅಂದಿದ್ರೆ?"

"ಎರಡನೇ ದಿನಕ್ಕೇ ಬಿಡ್ತಿದ್ದೆ."

"ನಮ್ಮದೂ ಅಷ್ಟೇ ತಾಯಿ. ಇವತ್ತು ಒಂದಿನ ಮಾತ್ರ. ನಾಳೆದು ನಾಳೆ."

ವಾಪಸ್ ಬರೋವಾಗ ಬಸ್ಸಲ್ಲಿ ಅದೇ ಯೋಚನೆ. ಹೊರಲಾರದ ಭಾರವನ್ನು ಅವರ ತಲೆ ಮೇಲೆ ಹೊರಿಸಿದೋಳು ನಾನೇ ಅಲ್ವಾ.

ಮಾರನೇ ದಿನ ಹೊರನಾಡಿಗೆ ಹೋಗಿ ತಪ್ಪುಕಾಣಿಕೆ ಹಾಕಿದೆ. ಅವರ ಹೆಸರಲ್ಲಲ್ಲ, ನನ್ನ ಹೆಸರಲ್ಲಿ. ಮನೆಗೆ ಬಂದು ಹೇಳಿದೆ, "ಆಣೆ ಬಿಡಿಸ್ಕೊಂಡು ಬಂದಿದೀನಿ. ಸೋಮವಾರ ನಾನು ಅನ್ನ ಮುಟ್ಟಲ್ಲ, ಅದೊಂದಿನ ನೀವು ಅದನ್ನ ಮುಟ್ಟಬೇಡಿ. ಉಳಿದಿದ್ದು ಆಮೇಲೆ ನೋಡೋಣ."

ಎದ್ದು ಹೋಗಿ ಕೈ ತೊಳ್ಕೊಂಡು ಬಂದ್ರು. ಆಮೇಲೆ "ಪ್ರಸಾದ ಎಲ್ಲಿ?" ಅಂದ್ರು. ಮೂರು ತಿಂಗಳಾಗಿತ್ತು ಕೈ ಒಡ್ಡಿ.

ಮುಂದಿನ ಸೋಮವಾರ ಇಬ್ಬರೂ ಬಸ್ ಹತ್ತಿದ್ವಿ. ಶಾಲೆ ಗೇಟಲ್ಲಿ ಕಾಲು ಹಿಂದೆಗೆದ್ರು. "ನನಗೆ ಹೊಟ್ಟೆ ಹಸೀತಿದೆ, ಬೇಗ ಒಳಗೆ ನಡೀರಿ" ಅಂತ ಗದರಿಸಿದೆ. ನಡೆದ್ರು. ಒಳಗೆ ನಿಂತು ಹೆಸರು ಹೇಳಿ, "ಇವತ್ತು ಕುಡಿದಿಲ್ಲ" ಅಂದ್ರು. ಅಷ್ಟೇ ಮಾತು.

ನಡುವೆ ಎರಡು ಸಲ ಜಾರಿದ್ರು, ಸುಳ್ಳು ಯಾಕೆ ಬರೀಲಿ. ಆದ್ರೆ ಮತ್ತೆ ಸೋಮವಾರ ಬಂತು, ಮತ್ತೆ ಹೋದ್ರು. ಸಾಹುಕಾರ್ರು ಮನೆ ಖಾಲಿ ಮಾಡಿಸಲಿಲ್ಲ. ಈಗ ಆ ರೂಮಿನ ಬೀಗದ ಕೈ ಇವರ ಜೇಬಲ್ಲೇ ಇರುತ್ತೆ, ಟೀ ಕಾಯಿಸೋದೂ ಇವರೇ.

ಕಳಸದ ತಂಗಿ, ಆಣೆ ಹಾಕಿಸಬೇಡಿ. ದೇವರಿಗೆ ಕೈ ಮುಗಿದು ಬಸ್ ಹತ್ತಿಸಿ. ಅವರು ಬರಲ್ಲ ಅಂದ್ರೆ ನೀವೊಬ್ಬರೇ ಬನ್ನಿ, ಸೋಮವಾರ ಮೂಡಿಗೆರೆ ಬಸ್ ಸ್ಟ್ಯಾಂಡಲ್ಲಿ ನಾನು ನಿಂತಿರ್ತೀನಿ. ಯಾರ ಮನೆಯೋರು ಅಂತ ಕೇಳಲ್ಲ.

ಸುಮಾ, ಆ ತಂಗಿ ಉತ್ತರ ಬರೆದ್ರೆ ನಾಳೆ ತರ್ತೀನಿ ಅನ್ಬೇಡ ಮಾರಾಯ್ತಿ, ಅವತ್ತಿನದು ಅವತ್ತೇ ತಂದುಕೊಡು.