ಆಣೆ ಇಡದ ಮಾತು

ಪಣಕಹಳ್ಳಿಯ ಶಾಂತಮಲ್ಲಮ್ಮ ನಮ್ಮ ಪಕ್ಕದ ಮನೆಯವಳು. ಗಂಡ ತೀರಿಕೊಂಡ ಮೇಲೂ ಹೊಲ ಬೀಳು ಬಿಡದ ಗಟ್ಟಿಗಿತ್ತಿ. ಆದರೆ ಯಾರ ಮಾತನ್ನೂ ಸುಲಭಕ್ಕೆ ನಂಬುವವಳಲ್ಲ. ನಮ್ಮ ಕಡೆ ಮಾತು ನಿಜವೆಂದು ತೋರಿಸಲು ವಿಭೂತಿ ಹಿಡಿದು ಮಾದಪ್ಪನ ಮೇಲೆ ಆಣೆ ಇಡುತ್ತಾರೆ. ಇವಳು ಬಿತ್ತನೆ ಕಾಳು ಕೊಳ್ಳುವಾಗಲೂ ಆಣೆ ಇಡಿಸುವವಳು! ನನಗೆ ನಗು ಬರುತ್ತಿತ್ತು.

ಮಗಳು ಬಿಂದುಶ್ರೀ ಸತ್ಯಮಂಗಲದ ಕಾಲೇಜಿಗೆ ಸೇರಿದ್ದೇ ತಡ, ಬಾಯಿ ತೆರೆದರೆ ಇಂಗ್ಲಿಷು. ಸಾರು ರುಚಿಯಾಗಿದ್ದರೆ ‘ಫಾರ್ ರಿಯಲ್’, ಬಸ್ಸು ತಪ್ಪಿದರೆ ‘ಸೀರಿಯಸ್ಲಿ’, ಗೆಳತಿಗೆ ಹೊಸ ಚೂಡಿದಾರ ಒಪ್ಪಿದರೆ ‘ನೋ ಕ್ಯಾಪ್’.

“ಅಂಗಂದ್ರ ಏನವ್ವ?” ಎಂದು ತಾಯಿ ಒಮ್ಮೆ ಕೇಳಿದಳು.

“ಎಲ್ಲಾಕೂ ಒಂದೇ ಕಣವ್ವ. ನಾ ಏಳ್ತಿರದು ನಿಜ, ಸುಳ್ಳಲ್ಲ ಅಂತ.”

“ಸಾರ್ಗೂ ನಿಜ, ಬಸ್ಗೂ ನಿಜವಾ?” ಶಾಂತಮಲ್ಲಮ್ಮ ನಕ್ಕುಬಿಟ್ಟಳು. ಆಮೇಲೆ ಆ ಪದಗಳಿಗೆ ಅವಳು ಕಿವಿಗೊಡಲಿಲ್ಲ.

ಜೀರಹಳ್ಳಿಯ ಶಿವಶಂಕರಪ್ಪ ಮಗನಿಗೆ ಹೆಣ್ಣು ಕೇಳಿಕೊಂಡು ಬಂದ. ಅನುಕೂಲಸ್ಥರ ಮನೆ.

“ಸೀರಿಯಸ್ಲಿ ಅವ್ವ, ನಂಗ ಈ ಮದ್ವ ಬ್ಯಾಡ. ನಾ ಓದ್ಬೇಕು” ಎಂದಳು ಬಿಂದುಶ್ರೀ, ರೊಟ್ಟಿ ಮುರಿಯುತ್ತ. ತಾಯಿ ಇನ್ನೊಂದು ರೊಟ್ಟಿ ಹಾಕಿದಳು. ನಿಜವಾಗಿ ಬೇಡವಾಗಿದ್ದರೆ ಮಾದಪ್ಪನ ಹೆಸರು ಎತ್ತುತ್ತಿರಲಿಲ್ಲವೇ ಎಂದುಕೊಂಡಳು. ಒಪ್ಪುವೀಳ್ಯ ನಡೆದೇಹೋಯಿತು. ಎಲೆ ಅಡಿಕೆ ಬದಲಾದ ಮೇಲೆ ಮಾತು ಮುರಿಯುವುದೆಂದರೆ ನಮ್ಮಲ್ಲಿ ಮುಖಕ್ಕೆ ಉಗಿಸಿಕೊಂಡ ಹಾಗೆ.

ಅಂದಿನಿಂದ ಹುಡುಗಿ ಮಾತೇ ಬಿಟ್ಟಳು. ಇಂಗ್ಲಿಷೂ ಇಲ್ಲ, ಕನ್ನಡವೂ ಇಲ್ಲ. ತಟ್ಟೆಯ ಅನ್ನ ಹಾಗೇ ಉಳಿಯುತ್ತಿತ್ತು. ಕೊನೆಗೆ ಶಾಂತಮಲ್ಲಮ್ಮ ವಿಭೂತಿ ಗಟ್ಟಿ ತಂದು ಮಗಳ ಮುಂದೆ ಹಿಡಿದಳು.

“ಬ್ಯಾಡ ಅನ್ನದು ನಿಜವಾದ್ರ ಆಣ ಇಕ್ಕು. ಈಗ್ಲೇ ಓಗಿ ಮುರ್ಕಂಡು ಬತ್ತೀನಿ.”

ಬಿಂದುಶ್ರೀ ಅದನ್ನು ಮುಟ್ಟಲಿಲ್ಲ. “ನಿನ್ ಮುಂದನೂ ಆಣ ಇಕ್ಬೇಕಾ ಅವ್ವ ನಾನು?” ಎಂದು ಅಳತೊಡಗಿದಳು.

ಮರುದಿನ ಶಾಂತಮಲ್ಲಮ್ಮ ಜೀರಹಳ್ಳಿಯ ಬಸ್ಸು ಹತ್ತಿದಳು. ಜೊತೆಗೆ ನಾನೂ ಹೋದೆ. ಶಿವಶಂಕರಪ್ಪನ ಮನೆಯವರು ಬಾಯಿಗೆ ಬಂದಂತೆ ಬೈದರು.

“ಓದು ಅನ್ನದೆಲ್ಲ ನೆಪ. ನಿಮ್ ಉಡುಗಿ ಮನಸ್ಸಲ್ಲಿ ಬ್ಯಾರೆ ಯಾರೂ ಇಲ್ಲ ಅಂತ ಮಾದಪ್ಪನ ಮ್ಯಾಲ ಆಣ ಇಕ್ಕಿ, ನೋಡಾನ” ಎಂದು ಶಿವಶಂಕರಪ್ಪ ವಿಭೂತಿ ತರಿಸಿದ.

ಆಣೆ ಇಟ್ಟಿದ್ದರೆ ಮಾನ ಉಳಿಯುತ್ತಿತ್ತು. ಶಾಂತಮಲ್ಲಮ್ಮ ವಿಭೂತಿಯನ್ನು ಒಮ್ಮೆ ನೋಡಿದಳು. ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

“ಓದ್ಬೇಕು ಅಂತ ನನ್ ಮಗಳು ಏಳವಳ. ನಂಗ ಅಷ್ಟೇ ಸಾಕು, ಅದ್ಕ ನಾ ಆಣ ಇಕ್ಕಲ್ಲ.”