ತಂಗಿಯನ್ನು ಹುಡುಕಿ ಹತ್ತಿದ ಜ್ವಾಲಾಮುಖಿ

ಕೊಪ್ಪ, ನರಸಿಂಹರಾಜಪುರದ ಹೈಸ್ಕೂಲುಗಳಲ್ಲಿ ನಾನು ಸಮಾಜ ವಿಜ್ಞಾನದ ಟೀಚರಾಗಿದ್ದೆ. ಪ್ರತಿ ವರ್ಷ ಬೋರ್ಡಿನ ಮೇಲೆ ಜ್ವಾಲಾಮುಖಿಯ ಚಿತ್ರ ಬರೆದು, ಕೆಂಪು ಚಾಕ್‌ನಲ್ಲಿ ಲಾವಾ ಹರಿಸುತ್ತಿದ್ದೆ. "ಟೀಚರ್, ನೀವು ನೋಡಿದ್ದೀರಾ?" ಎಂದು ಯಾರಾದರೊಬ್ಬರು ಕೇಳಿಯೇ ಕೇಳುತ್ತಿದ್ದರು.

ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ಕಪಾಟು ಖಾಲಿ ಮಾಡಿ ಮತ್ತೆ ಜೋಡಿಸುತ್ತಿದ್ದೆ. ಕೆಲಸವಿಲ್ಲದಿದ್ದರೂ ಬಸ್ಸು ಹತ್ತಿ ಹರಿಹರಪುರಕ್ಕೆ ಹೋಗಿ ಬರುತ್ತಿದ್ದೆ. ಕೊನೆಗೆ ಒಂದು ಟೂರಿನವರ ಜೊತೆ ಇಂಡೋನೇಷ್ಯಾದ ಜಾವಾಕ್ಕೆ ಹೊರಟೆ. ಒಬ್ಬಳೇ ಹೋಗಲು ಧೈರ್ಯವಿಲ್ಲದೆ ಮೆಣಸೆ ಊರಿನಲ್ಲಿರುವ ತಂಗಿಯನ್ನೂ ಹೊರಡಿಸಿದೆ.

"ಹೊಗೆ ನೋಡಕ್ಕೆ ಅಷ್ಟು ದೂರ ಹೋಗ್ಬೇಕಾ? ನಮ್ಮನೆ ಬಚ್ಚಲೊಲೆ ಸಾಕಾಗಲ್ವಾ?" ಎಂದು ಗೊಣಗುತ್ತಲೇ ಬಂದಳು.

ಜ್ವಾಲಾಮುಖಿಯ ಇಳಿಜಾರಿನಲ್ಲೇ ಒಂದು ರಾಷ್ಟ್ರೀಯ ಉದ್ಯಾನ. ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರದ ಜಾಗ. ಉದ್ಯಾನವೆಂದರೆ ಹೂಗಿಡಗಳಲ್ಲ, ಕಣ್ಣು ಹಾಯುವಷ್ಟೂ ಕಪ್ಪು ಬೂದಿಯ ಬಯಲು. ಬೆಳಿಗ್ಗೆ ಒಂಬತ್ತಕ್ಕೆ ಜೀಪು ನಮ್ಮನ್ನು ಬೆಟ್ಟದ ಬುಡದಲ್ಲಿ ಇಳಿಸಿತು. ಜ್ವಾಲಾಮುಖಿಯ ಬಾಯಿಯವರೆಗೆ ಕಡಿದಾದ ಮೆಟ್ಟಿಲುಗಳಿದ್ದವು.

ನಾಲ್ಕನೇ ಒಂದು ಭಾಗ ಹತ್ತುವಷ್ಟರಲ್ಲಿ ಗಂಧಕದ ವಾಸನೆ ಮೂಗಿಗೆ ಅಡರಿತು. ಮೇಲಿನಿಂದ ವಿಮಾನ ಏರುವಾಗಿನಂಥ ಮೊರೆತ. ಇಷ್ಟು ವರ್ಷ ಪಾಠ ಮಾಡಿದವಳು ಕಂಬಿ ಹಿಡಿದು ಕೂತುಬಿಟ್ಟೆ.

"ನೀನು ಇಲ್ಲೇ ಕೂತ್ಕ ಅಕ್ಕಾ, ನಾನು ನೋಡ್ಕಂಡು ಬತ್ತೆ," ಎಂದು ತಂಗಿ ಸೀರೆ ಎತ್ತಿ ಕಟ್ಟಿ ಹೊರಟೇ ಹೋದಳು.

ಅರ್ಧ ಗಂಟೆಯಾಯಿತು. ಮಂಜು ಇಳಿದು ಮೇಲಿನ ಮೆಟ್ಟಿಲುಗಳು ಕಾಣದಾದವು. ನಮ್ಮ ಗುಂಪಿನವರು ಒಬ್ಬೊಬ್ಬರೇ ಇಳಿದು ಬಂದರು, ಅವಳಿಲ್ಲ. ಫೋನು ಹತ್ತಲಿಲ್ಲ. ಎದ್ದೆ, ಕೂತೆ, ಮತ್ತೆ ಎದ್ದೆ. ಹೊರಡುವ ಹೊತ್ತಾಯಿತೆಂದು ಕೆಳಗಿನಿಂದ ಗೈಡ್ ಸೀಟಿ ಊದತೊಡಗಿದ. ಬರಲ್ಲ ಅಂದವಳನ್ನು ಕರೆತಂದವಳು ನಾನು. ಅವಳ ಮನೆಯವರಿಗೆ ಏನು ಹೇಳಲಿ?

ಮೂಗಿಗೆ ಸೆರಗು ಕಟ್ಟಿಕೊಂಡು ಹತ್ತಿದೆ. ಎಷ್ಟು ಸಲ ನಿಂತೆನೋ, ಉಸಿರು ಹೇಗೆ ಎಳೆದೆನೋ ತಿಳಿಯದು.

ತುದಿಯಲ್ಲಿ ತಂಗಿ ಅಲ್ಲಿಯ ಒಬ್ಬ ರೈತ ಹೆಂಗಸಿನ ಪಕ್ಕ ಆರಾಮಾಗಿ ಕೂತಿದ್ದಳು. ಮಡಿಲಲ್ಲಿ ಒಂದು ಎಲೆಕೋಸು.

"ನಿಂಗೆ ಬುದ್ಧಿ ಇದ್ಯಾ? ಕೆಳಗೆ ಜೀವ ಹೋಗ್ತಿದೆ ನಂಗೆ!" ಕಿರುಚಿದೆ. ಅಳುವೂ ಬಂತು.

"ಎಂತ ಆತು ಮಾರಾಯ್ತಿ? ಇವರು ಬೆಳೆದದ್ರಲ್ಲಿ ಮೊದಲ್ನೇದು ಈ ಬೆಟ್ಟದ ಬಾಯಿಗೆ ಹಾಕ್ತಾರೆ ಕಾಣ್ತದೆ, ಹರಕೆ ಥರ. ಕೈಸನ್ನೆಲೇ ಹೇಳಿದ್ಲು. ನಂಗೂ ಒಂದು ಕೊಟ್ಲು."

ಆಗಷ್ಟೇ ನಾನು ತಲೆ ತಿರುಗಿಸಿ ಆ ಬಾಯಿಯೊಳಗೆ ನೋಡಿದ್ದು. ಕೆಂಪು ಲಾವಾ ಎಲ್ಲೂ ಇರಲಿಲ್ಲ. ಆಳದಿಂದ ಬಿಳಿ ಹೊಗೆ, ನಿಲ್ಲದ ಮೊರೆತ, ಕಾಲಡಿಯ ನೆಲದಲ್ಲಿ ಸಣ್ಣ ಅದುರು. ತಂಗಿ ಕೋಸನ್ನು ಎಸೆದಳು. ಅದು ಬಿದ್ದ ಸದ್ದು ಕೇಳಿಸಲಿಲ್ಲ.

ಕೆಳಗೆ ಜೀಪಿನಲ್ಲಿ ನಮಗಾಗಿ ಕಾದು ಎಲ್ಲರೂ ಮುಖ ಊದಿಸಿಕೊಂಡಿದ್ದರು. ಕ್ಷಮೆ ಕೇಳಿದೆ. ಹೋಟೆಲ್ ಸೇರುವವರೆಗೂ ತಂಗಿಯ ಕೈ ಹಿಡಿದೇ ಇದ್ದೆ. "ಬಿಡೇ, ಬೆವರ್ತಿದೆ," ಎಂದರೂ ಬಿಡಲಿಲ್ಲ.