ಸಾಲವನದ ಸಾಕ್ಷಿ ಮಾದಿ ಮೇಡಂ

ನೀಲಗಿರಿಯ ಶೋಲಾ ಕಾಡುಗಳನ್ನು ಬಲ್ಲವರ ಹೆಸರು ಹೇಳುವಾಗ ಪ್ರೊಫೆಸರ್ ಮಾದಿಯವರನ್ನು ಬಿಟ್ಟು ಮುಂದೆ ಹೋಗಲಾಗದು. ನಂಜನಾಡಿನ ಆಲೂಗಡ್ಡೆ ಬೆಳೆಗಾರರ ಮನೆಯಲ್ಲಿ ಹುಟ್ಟಿ, ಉದಗಮಂಡಲದಲ್ಲಿ ಮೂರು ದಶಕ ಸಸ್ಯಶಾಸ್ತ್ರ ಬೋಧಿಸಿ ನಿವೃತ್ತರಾಗುತ್ತಿರುವ ಈ ಗುರುಗಳ ವಿದ್ವತ್ತಿನ ಬಗ್ಗೆ ಈ ಸನ್ಮಾನ ಸಂಚಿಕೆಯಲ್ಲಿ ಇತರರು ಬರೆಯಲಿ; ಅವರ ನೆಮ್ಮದಿ ಕೆಡಿಸಿದ ದೂರದ ಕಾಡೊಂದರ ಸಂಗತಿ ನನ್ನದು.

ಕೆಲವು ವರ್ಷಗಳ ಹಿಂದೆ, ಮಧ್ಯಭಾರತದ ಸರ್ಕಾರಿ ಕಾಡೊಂದನ್ನು ಕಲ್ಲಿದ್ದಲು ಗಣಿಗೆ ಕೊಡಬಹುದೇ ಎಂದು ಪರಿಶೀಲಿಸುವ ಸಮಿತಿಗೆ ಅವರು ಸದಸ್ಯೆಯಾದರು. ಅವರ ಬಳಿ ಸಂಶೋಧನೆ ಮಾಡುತ್ತಿದ್ದ ನಾನೂ ಸಹಾಯಕ್ಕೆ ಹೋದೆ. ಕಂಪನಿಯ ಜೀಪುಗಳು ನಮ್ಮನ್ನು ಕಾಡಿನ ಬೋಳು ಅಂಚಿನಲ್ಲೇ ಸುತ್ತಾಡಿಸಿದವು. ಮೇಡಂ ಕೆಳಗಿಳಿದು, ಇಪ್ಪೆಹೂ ಆಯುತ್ತಿದ್ದ ಹೆಂಗಸರೊಡನೆ ಒಳಗೆ ನಡೆದರು. ಒಳಗೆ ದಟ್ಟ ಸಾಲವೃಕ್ಷಗಳು, ಬೇಸಿಗೆಯಲ್ಲೂ ಬತ್ತದ ತೊರೆ. ಮರಳುವಾಗ ವೃದ್ಧೆಯೊಬ್ಬರು ಅವರ ಕೈ ಹಿಡಿದು, "ನೋಡಿದ್ದನ್ನು ನಿಮ್ಮ ಸಭೆಯಲ್ಲಿ ಹೇಳುತ್ತೀರಾ?" ಎಂದು ಕೇಳಿದರು.

ಸಮಿತಿಯ ಉಳಿದವರೆಲ್ಲ ಅದನ್ನು ಪಾಳುಬಿದ್ದ ಕಾಡೆಂದು ಒಪ್ಪಿ ಸಹಿ ಹಾಕಿದರು. "ನಾನು ನಡೆದ ಕಾಡು ಇದಲ್ಲ" ಎಂದು ಮೇಡಂ ಸಹಿ ಹಾಕದೆ ಸಭೆಯಿಂದ ಎದ್ದರು. ಸಮಿತಿ ಅವರನ್ನು ಕೈಬಿಟ್ಟಿತು. ಅವರ ಸಂಶೋಧನೆಯ ಅನುದಾನವೂ ನಿಂತಿತು.

ಮನೆಯವರಿಗೂ ಇದು ಅರ್ಥವಾಗಲಿಲ್ಲ. "ಅದು ನಂಗ ಕಾಡಾ, ಮಾದಿ?" ಎಂದು ಅವರ ಅಣ್ಣ ಹಾಲ ನನ್ನೆದುರೇ ತಮ್ಮ ಬಡಗ ಮಾತಿನಲ್ಲಿ ಕೇಳಿದರು, ಅದೇನು ನಮ್ಮ ಕಾಡೇ ಎಂದು.

"ಸರ್ಕಾರ ಕಾಡು ಎಂದಲೆ ಎಲ್ಲಾರ ಕಾಡು, ಅಣ್ಣ. ನಂಗದೂ ತಾ." ನಮ್ಮದೂ ಹೌದು ಎಂಬುದು ಮೇಡಂ ಉತ್ತರ.

ಆ ದಿನಗಳಲ್ಲೇ ಅವರು ಸದ್ದಿಲ್ಲದೆ ಕೊಯಮತ್ತೂರಿಗೆ ಹೋಗಿ ನನಗೆ ಬೇರೆ ಮಾರ್ಗದರ್ಶಕರನ್ನು ಗೊತ್ತುಮಾಡಿ ಬಂದಿದ್ದರು. ಬಿಟ್ಟು ಹೋಗಲಾರೆನೆಂದು ನಾನು ಅತ್ತಾಗ, "ಅದು ಎನ್ನ ಜಗಳ. ನೀ ಓದು" ಎಂದು ಗದರಿದರು. ನಾನಿಂದು ಅಧ್ಯಾಪಕಿಯಾಗಿರುವುದು ಆ ಗದರಿಕೆಯಿಂದ.

ಮುಂದೆ ಅಲ್ಲಿನ ಹಳ್ಳಿಗರು ನ್ಯಾಯಾಲಯಕ್ಕೆ ಹೋದಾಗ ಮೇಡಂ ಸಾಕ್ಷಿ ನುಡಿದರು. ಅಷ್ಟರಲ್ಲಿ ಅರ್ಧ ಕಾಡು ಉರುಳಿತ್ತು. ಉಳಿದರ್ಧಕ್ಕೆ ತಾತ್ಕಾಲಿಕ ತಡೆಯಾಜ್ಞೆ ಸಿಕ್ಕಿತು. ಅಂದಿನಿಂದ ಫೋನ್ ಬಡಿದುಕೊಂಡರೆ ಸಾಕು, ತಡೆ ತೆರವಾಯಿತೇನೋ ಎಂದು ಪಾಠದ ನಡುವೆಯೂ ಅವರು ಹೊರಗೆ ಧಾವಿಸುತ್ತಾರೆ. ಮತ್ತೆ ವಿಚಾರಣೆ ಬಂದಿದೆ. ತೀರ್ಪು ಹೇಗಾಗುವುದೋ ಯಾರಿಗೂ ತಿಳಿಯದು. ಸನ್ಮಾನ ಮುಗಿದೊಡನೆ ಅವರು ಆ ವಿಚಾರಣೆಗೆ ರೈಲು ಹತ್ತಲಿದ್ದಾರೆ.

ಮೊನ್ನೆ, "ನೂರು ವರ್ಷ ಬಾಳಿ, ಮೇಡಂ" ಎಂದೆ. "ನನಗೇಕೆ? ಆ ಕಾಡಿಗೆ ಹೇಳು" ಎಂದರು. ಇಬ್ಬರಿಗೂ ಹೇಳುತ್ತಿದ್ದೇನೆ.

— ಸಂಗೀತಾ